ವೈಜನಾಥನ ಬ್ಯಾಂಕಾಕ್

ಬ್ಯಾಂಕಾಕ್ ಪ್ರವಾಸ ಪೂರ್ತಿ ಫುಕಟ್. ವಿಮಾನ, ಹೋಟೆಲು, ಊಟ ಎಲ್ಲ ಪಂಪ್ ಕಂಪನಿಯದು. ಆ ಫುಕಟ್ ಪ್ರವಾಸಕ್ಕೆ ಮುಂಬಯಿ ವಿಮಾನ ನಿಲ್ದಾಣದ ಕೌಂಟರ್ ಮುಟ್ಟುವಷ್ಟರಲ್ಲಿ ವೈಜನಾಥನಿಗೆ ಬಿದ್ದ ಖರ್ಚು ಇಷ್ಟು: ಗಾಲಿಯ ಸೂಟ್‌ಕೇಸು ಎರಡು ಸಾವಿರದ ಇನ್ನೂರು, ಸಫಾರಿ, ಹೊಲಿಗೆ ಸೇರಿ ಸಾವಿರದ ಎಂಟುನೂರು, ಬೂಟು ಸಾವಿರದ ನೂರೈವತ್ತು, ಬೀಳ್ಕೊಡಲು ಬಂದ ಮೂವತ್ತು ಜನರ ಪೇಢಾ, ಚಿವಡಾ, ಚಹಾ ಸಾವಿರದ ನಾಲ್ಕುನೂರು, ಗೆಳೆಯರೇ ಪ್ರೀತಿಯಿಂದ ಓಣಿಯ ಮೂಲೆಯಲ್ಲಿ ಹಾಕಿಸಿ, ಬಿಲ್ಲನ್ನು ಮಾತ್ರ ಇವನ ಕೈಗಿಟ್ಟ ಫ್ಲೆಕ್ಸು ಒಂಬೈನೂರು, ರೈಲು, ಟ್ಯಾಕ್ಸಿ ಆರುನೂರೈವತ್ತು. ಒಟ್ಟು ಎಂಟು ಸಾವಿರದ ನೂರು. ಪಾಸ್‌ಪೋರ್ಟಿಗೆ ಮಾತ್ರ ಬಿಡಿಗಾಸೂ ಆಗಲಿಲ್ಲ. ಹತ್ತು ವರ್ಷದ ಹಿಂದೆ ದುಬೈಗೆ ಹೋಗುವ ಹುಕಿ ಬಂದಾಗ ಮಾಡಿಸಿಟ್ಟದ್ದು ಕಪಾಟಿನಲ್ಲೇ ಇತ್ತು.

ಆ ಉಳಿತಾಯವೇ ಕೈಕೊಟ್ಟಿತು.

"ಸರ್, ಇದು ಅಕ್ಟೋಬರಿಗೆ ಮುಗಿಯುತ್ತದೆ," ಎಂದಳು ಕೌಂಟರಿನ ಹುಡುಗಿ. "ಆರು ತಿಂಗಳಾದರೂ ಬಾಕಿ ಇರಬೇಕು. ವಿಮಾನ ಹತ್ತಿಸಲಿಕ್ಕೆ ಬರೋದಿಲ್ಲ."

"ಮೇಡಂ, ನಾನು ಆರು ದಿನಕ್ಕೆ ವಾಪಸು ಬರುವವನು. ಅಕ್ಟೋಬರ್ ತನಕ ಅಲ್ಲಿ ಕೂತು ಏನು ಮಾಡಲಿ?"

ಹುಡುಗಿ ಸೌಜನ್ಯದಿಂದ ನಕ್ಕು ಮುಂದಿನವರನ್ನು ಕರೆದಳು. ಉಳಿದ ಇಪ್ಪತ್ತೆರಡು ಡೀಲರುಗಳು ಕೈಬೀಸುತ್ತ ಒಳಗೆ ಹೋದರು. ಪಿಂಪಳಗಾಂವ್ ಬಸವಂತದ ದ್ರಾಕ್ಷಿ ತೋಟಗಳಿಗೆ ಒಂದೇ ವರ್ಷದಲ್ಲಿ ನೂರಾಹನ್ನೆರಡು ಪಂಪು ಮಾರಿದ್ದ ವೈಜನಾಥ, ಕರೆಂಟು ಹೋದ ಪಂಪಿನ ಹಾಗೆ ಅಲ್ಲೇ ನಿಂತ.

ಸುಮ್ಮನೆ ಮನೆಗೆ ಹೋಗಬಹುದಿತ್ತು. ಆದರೆ ಹಿಂದಿನ ದಿನವಷ್ಟೇ ನಾಸಿಕ್ ರೋಡಿನ ಅವನ ವಸತಿ ಸೊಸಾಯಟಿಯವರು ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಸ್ಟೇಶನ್ನಿನ ತನಕ ಬಂದು ಕಳಿಸಿದ್ದರು. ಸೊಸಾಯಟಿಯ ಸೆಕ್ರೆಟರಿ ದತ್ತು ಪ್ಲಾಟ್‌ಫಾರ್ಮಿನಲ್ಲೇ ಭಾಷಣ ಮಾಡಿದ್ದ. ಫ್ಲೆಕ್ಸಿನಲ್ಲಿ ವೈಜನಾಥ ಕೈಮುಗಿದು ನಿಂತಿದ್ದರೆ, ಹಿಂದಿನ ವಿಮಾನ ಅವನ ಬಲಗಿವಿಯಿಂದಲೇ ಹೊರಬರುವಂತೆ ಕಾಣುತ್ತಿತ್ತು. ಕೆಳಗೆ ಹನ್ನೆರಡು ಜನ ಶುಭೇಚ್ಛುಕರ ತಲೆಗಳು: ಹನ್ನೊಂದು ಲಿಂಬೆಹಣ್ಣಿನಷ್ಟು, ದತ್ತುವಿನದು ತೆಂಗಿನಕಾಯಿಯಷ್ಟು. ಇಷ್ಟೆಲ್ಲ ಆದಮೇಲೆ ಮರುದಿನವೇ ಸೂಟ್‌ಕೇಸು ಉರುಳಿಸುತ್ತ ಹೊಳ್ಳಿ ಬರುವುದೆಂದರೆ, ತಾಳಿ ಕಟ್ಟುವ ಹೊತ್ತಿಗೆ ಎದ್ದು ಬಂದ ಮದುಮಗನ ಹಾಗೆ.

ಬೀಗರು ಬೇರೆ. ಮಗಳು ಮಂಜುಶ್ರೀ ಬಾಣಂತನಕ್ಕೆ ತವರಿಗೆ ಬಂದು, ಹೆಣ್ಣು ಕೂಸು ಹುಟ್ಟಿ ಐದು ದಿನವಾಗಿತ್ತು. ಅವಳ ಮಾವ ಚನಬಸಪ್ಪ ಔರಂಗಾಬಾದಿನವರು, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಬೀಗರು ಬ್ಯಾಂಕಾಕಿಗೆ ಹೋಗುತ್ತಾರೆಂದು ತಮ್ಮ ಗಲ್ಲಿಗೆಲ್ಲ ಹೇಳಿಕೊಂಡಿದ್ದರು.

ವೈಜನಾಥ ತಪೋವನ ಎಕ್ಸ್‌ಪ್ರೆಸ್ ಹತ್ತಿ ಔರಂಗಾಬಾದಿಗೇ ಹೊರಟ. ಅಲ್ಲಿ ತಂಗಿಯ ಮಗ ರವಿಕಾಂತ ಸಿಡ್ಕೋ ಬಡಾವಣೆಯಲ್ಲಿ ಒಬ್ಬನೇ ರೂಮು ಮಾಡಿಕೊಂಡಿದ್ದ. ನಾಸಿಕ್ ರೋಡಿನಲ್ಲಿ ರೈಲು ನಿಂತ ಮೂರು ನಿಮಿಷವನ್ನು ವೈಜನಾಥ ಪಾಯಖಾನೆಯಲ್ಲಿ ಚಿಲಕ ಹಾಕಿಕೊಂಡು ಕಳೆದ. ತನ್ನ ಊರನ್ನು ಮೂಗು ಮುಚ್ಚಿಕೊಂಡು ದಾಟಿದ್ದು ಅದೇ ಮೊದಲು.

ಬೀಗರಿರುವ ಊರಿನಲ್ಲಿ ಅಡಗುವುದು ಹೇಗೆಂಬ ಚಿಂತೆಯನ್ನು ಹಂದಿಜ್ವರ ಪರಿಹರಿಸಿತು. ಅದು ೨೦೦೯ರ ಆಗಸ್ಟ್. ಪುಣೆಯಿಂದ ದಿನವೂ ಕೆಟ್ಟ ಸುದ್ದಿ. ಪರದೇಶದಿಂದ ವಿಮಾನ ಇಳಿದು ಬಂದ ಹೊಸ ತಳಿಯ ವೈರಸ್ಸಂತೆ, ಔಷಧಿ ಸಿಗುವುದಿಲ್ಲವಂತೆ. ಔರಂಗಾಬಾದಿನ ಅರ್ಧ ಊರು ಮುಖಕ್ಕೆ ಮಾಸ್ಕು ಕಟ್ಟಿಕೊಂಡು ತಿರುಗುತ್ತಿತ್ತು. ವೈಜನಾಥ ಹತ್ತು ರೂಪಾಯಿಯ ಒಂದು ಹಸಿರು ಮಾಸ್ಕು ಕೊಂಡ. ಸಾಲಗಾರನಿಗೂ ಇಷ್ಟು ಅಗ್ಗದ ಮರೆ ಸಿಕ್ಕಿರಲಿಕ್ಕಿಲ್ಲ.

ಇನ್ನು ಉಳಿದದ್ದು ಬ್ಯಾಂಕಾಕ್. ನೋಡದ ಊರಿನ ಬಗ್ಗೆ ಹೆಂಡತಿಯ ಮುಂದೆ ಆರು ದಿನದ ಕತೆ ಹೇಳುವುದು ಹುಡುಗಾಟವಲ್ಲ. ಅದಕ್ಕೂ ದೇವರು ಮಾಳಿಗೆಯ ಮೇಲೆಯೇ ವ್ಯವಸ್ಥೆ ಮಾಡಿದ್ದ. ರವಿಕಾಂತನ ಮೇಲಿನ ಮನೆಯಲ್ಲಿ ಧಾರವಾಡದ ಕಡೆಯ ಬ್ಯಾಂಕ್ ಮ್ಯಾನೇಜರರ ಮಗ ಉತ್ಕರ್ಷ ಇದ್ದ. ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿಯುವ ಹುಡುಗ. ಮೂರು ತಿಂಗಳು ಬ್ಯಾಂಕಾಕಿನ ಹೋಟೆಲೊಂದರಲ್ಲಿ ಟ್ರೇನಿಂಗ್ ಮುಗಿಸಿ ಹಿಂದಿನ ಶನಿವಾರವಷ್ಟೇ ಬಂದಿಳಿದಿದ್ದ. ವೈಜನಾಥ ಸೋಮವಾರದಿಂದ ಗುರುವಾರದ ತನಕ ಅವನ ಮಗ್ಗುಲಲ್ಲಿ ಕೂತು, ಇಸ್ಪೀಟು ಆಡುತ್ತ, ಒಂದೇ ತಟ್ಟೆಯ ಶೇಂಗಾ ತಿನ್ನುತ್ತ ಬ್ಯಾಂಕಾಕ್ ಕಲಿತ. ಮಲಗಿದ ಬುದ್ಧ, ನೀರಿನ ಮೇಲಿನ ಸಂತೆ, ಮೂರು ಗಾಲಿಯ ಗಾಡಿ, ತೆಂಗಿನಹಾಲಿನ ಸಾರು.

"ಅಂಕಲ್, ತಿಥೆ ಎಸಿ ಭಾಳ ಜೋರು," ಎನ್ನುತ್ತಿದ್ದ ಉತ್ಕರ್ಷ, ಮೂಗು ಒರೆಸಿಕೊಳ್ಳುತ್ತ. ಅವನ ಕನ್ನಡದಲ್ಲಿ ಅರ್ಧ ಮರಾಠಿ. "ಅದಕ್ಕs ಮಲಾ ಸರ್ದಿ ಆಗೇದ."

ವೈಜನಾಥ ಅದನ್ನೂ ಮನಸ್ಸಿನಲ್ಲಿ ಬರೆದುಕೊಂಡ: ಬ್ಯಾಂಕಾಕಿನಲ್ಲಿ ಎಸಿ ಜೋರು.

ಮಂಗಳವಾರ ಮಾಸ್ಕು ಕಟ್ಟಿಕೊಂಡು ಗುಲ್ಮಂಡಿ ಪೇಟೆಗೆ ಹೋಗಿ ಆರು ಸೀಸೆ ಅತ್ತರು, ನಾಲ್ಕು ಚೀನೀ ಟಾರ್ಚು, ಒಂದು ಹಾಡುವ ಲೈಟರು ತಂದ. ಉತ್ಕರ್ಷ ತಾನು ತಂದ ಬ್ಯಾಂಕಾಕ್ ಚಾಕಲೇಟಿನ ಅರ್ಧ ಪಾಕೀಟು ಕೊಟ್ಟ. ವಿಮಾನದವರು ತನ್ನ ಬ್ಯಾಗಿಗೆ ಅಂಟಿಸಿದ್ದ ಚೀಟಿಯನ್ನೂ ಬಿಚ್ಚಿ ಇವನ ಸೂಟ್‌ಕೇಸಿಗೆ ಅಂಟಿಸಿದ. ವಸ್ತುಗಳಿಗೆ ಸಾವಿರದ ಒಂಬೈನೂರು, ಗಾಡಿಗೀಡಿಗೆ ನಾಲ್ಕುನೂರು. ಆ ಚೀಟಿ ಮಾತ್ರ ಫುಕಟ್.

ಶನಿವಾರ ಮುಂಜಾನೆ ಆರರ ಎಸ್‌ಟಿ ಬಸ್ಸು ಹತ್ತಿದ. ಹೊರಟ ಊರಿನ ಹೆಸರು ಬೋರ್ಡಿನಲ್ಲಿ ಔರಂಗಾಬಾದ್, ಕಂಡಕ್ಟರನ ಬಾಯಲ್ಲಿ ಸಂಭಾಜಿನಗರ. ಹೋಗುವುದು ನಾಸಿಕ್ಕಿಗೆ ಎಂಬುದರಲ್ಲಿ ಇಬ್ಬರದೂ ಒಮ್ಮತ. ಮೊಬೈಲಿನ ಸಿಮ್ಮನ್ನು ಆರು ದಿನದ ಹಿಂದೆಯೇ ತೆಗೆದು ಪಾಕೀಟಿನಲ್ಲಿಟ್ಟಿದ್ದ. ಪರದೇಶದಲ್ಲಿರುವವನ ಫೋನು ಹತ್ತಬಾರದು.

ಅವನ ಎದೆ ತುಂಬಿತ್ತು, ಮತ್ತು ಅದು ಸುಳ್ಳಿನಿಂದಲ್ಲ. ಅಂದು ಕೂಸಿನ ಹನ್ನೆರಡನೆಯ ದಿನ. ಭಾಲ್ಕಿ ಕಡೆಯ ಅವರ ಮನೆತನದಲ್ಲಿ ಹನ್ನೆರಡನೆಯ ದಿನದ ತನಕ ಗಂಡಸರು ಕೂಸನ್ನು ಎತ್ತುವಂತಿಲ್ಲ. ಅಂದು ಸಂಜೆ ತಾಯಿಯ ತಂದೆಯೇ ಮೊದಲು ಕೂಸಿನ ತಲೆಗೆ ಕುಂಚಿಗೆ ತೊಡಿಸಿ, ಎತ್ತಿಕೊಂಡು, ತೊಟ್ಟಿಲಿಗೆ ಹಾಕಬೇಕು. ಆಮೇಲೆ ಹೆಸರು. ವೈಜನಾಥನಿಗೆ ಮೊದಲ ಮೊಮ್ಮಗಳು. ಆಸ್ಪತ್ರೆಯಲ್ಲಿ ಬಟ್ಟೆಯ ಗಂಟಿನಿಂದ ಇಣುಕಿದ ಒಂದು ಮೂಗನ್ನಷ್ಟೇ ನೋಡಿದ್ದ. ಬಸ್ಸು ಯೇವಲಾ ದಾಟುವಾಗ ಎರಡೂ ಕೈಗಳನ್ನು ಮಡಿಲಲ್ಲಿ ತೊಟ್ಟಿಲಿನ ಹಾಗೆ ಮಾಡಿ ತಾಲೀಮು ಮಾಡಿದ. ಪಕ್ಕದ ಮುದುಕಿ ಸ್ವಲ್ಪ ಸರಿದು ಕೂತಳು.

ನಾಸಿಕ್ಕಿನಲ್ಲಿ ಇಳಿದು ಮೊದಲು ಸ್ಟೇಶನ್ನಿಗೆ ಹೋದ. ಅಲ್ಲಿಂದ ಆಟೋ ಮಾಡಿದ, ಮುಂಬಯಿಯಿಂದ ಬಂದವನ ಹಾಗೆ. ಓಣಿಯ ಮೂಲೆಯಲ್ಲಿ ಮಾಸ್ಕು ತೆಗೆದು ಕಿಸೆಗಿಟ್ಟು, ಮುಖಕ್ಕೆ ಪರದೇಶದ ಕಳೆ ತಂದುಕೊಂಡ.

ಫ್ಲೆಕ್ಸು ಇನ್ನೂ ಇತ್ತು. ವೈಜನಾಥನಿದ್ದ, ವಿಮಾನವಿತ್ತು. ಕೆಳಗಿನ ಹನ್ನೆರಡು ತಲೆಗಳ ಜಾಗದಲ್ಲಿ ಹನ್ನೆರಡು ತೂತುಗಳಿದ್ದವು. ದತ್ತುವಿನ ಜಾಗದ ತೂತಿನಿಂದ ಹಿಂದಿನ ಪಾನ್ ಅಂಗಡಿ ಪೂರ್ತಿ ಕಾಣುತ್ತಿತ್ತು.

"ಅಲ್ಲೇ ನಿಲ್ರಿ, ವೈಜನಾಥರಾವ್," ಎಂದ ದತ್ತು. ಅವನು ಸೊಸಾಯಟಿಯ ಗೇಟಿನ ಒಳಗೆ ಸ್ಕೂಟರಿನ ಮೇಲೆ ಕೂತಿದ್ದ. ಮುಖಕ್ಕೆ ಹೆಂಡತಿಯ ಓಢಣಿ, ಕೊರಳಲ್ಲಿ ಕರ್ಪೂರ ಏಲಕ್ಕಿಯ ಗಂಟು. ಗಡಿಯ ಉದಗೀರದವನಾದ್ದರಿಂದ ಮರಾಠಿಗನಾದರೂ ಕನ್ನಡ ಚೆನ್ನಾಗಿ ಬರುತ್ತಿತ್ತು.

"ಯಾಕ ದತ್ತು? ಸ್ವಾಗತ ಇಲ್ಲೇನು?"

"ಮನಸಿನ್ಯಾಗ ಅದ. ಅಷ್ಟs ಇರಲಿ. ನೀವು ಹೋದ ಮರುದಿನದಿಂದ ಪೇಪರ್‌ನ್ಯಾಗ ಒಂದs ಸುದ್ದಿ. ಪರದೇಶದಿಂದ ಬಂದವರs ತರ್ಲಿಕ್ಕತ್ಯಾರ. ಇದು ಹೊಸ ವರೈಟಿ ಅಂತರಿ. ದ್ರಾಕ್ಷಿಯೊಳಗ ಥಾಮ್ಸನ್ ಇತ್ತು, ಆಮ್ಯಾಲ ಸೋನಾಕಾ ಬಂತು, ಆಮ್ಯಾಲ ಶರದ್ ಬಂತು. ಹಂಗs ಜ್ವರದಾಗೂ. ಹಳೇ ಔಷಧ ಹೊಸ ವರೈಟಿಗೆ ಹೊಡಿಯೂದಿಲ್ಲ. ಪಿಂಪಳಗಾಂವದಾಗ ಅಂಗಡಿ ಇಟ್ಟವರಿಗೆ ನಾ ಹೇಳಬೇಕೇನು?"

"ನನಗೇನೂ ಆಗಿಲ್ಲೋ. ಬ್ಯಾಂಕಾಕಿನ್ಯಾಗ ಒಬ್ಬರಿಗೂ ಜ್ವರ ಇಲ್ಲ."

"ಅಲ್ಲಿ ಎಲ್ಲರ ಹಣಿ ಮುಟ್ಟಿ ನೋಡೀರಿ ಏನು?"

ಮೇಲಿನ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಮೊದಲ ಮಾಳಿಗೆಯ ರಾಧಾಬಾಯಿ ಮಾತ್ರ ಮುಚ್ಚುವ ಮುಂಚೆ ಒಂದು ತಂಬಿಗೆ ಅರಿಸಿನದ ನೀರನ್ನು ಅವನ ದಿಕ್ಕಿಗೆ ಸುರಿದರು. ಗುರಿ ಚೆನ್ನಾಗಿತ್ತು. ಸಾವಿರದ ಎಂಟುನೂರರ ಸಫಾರಿಯ ಒಂದು ತೋಳು ಮದುಮಗನ ಬಣ್ಣಕ್ಕೆ ಬಂತು.

ವೈಜನಾಥನ ಮನೆ ನೆಲಮಹಡಿಯಲ್ಲಿ. ಬಾಗಿಲಿಗೆ ಒಳಗಿನಿಂದ ಚಿಲಕ. ಪಡಸಾಲೆಯ ಕಿಟಕಿಯ ಸರಳಿನ ಹಿಂದೆ ಹೆಂಡತಿ ಪ್ರೇಮಾಬಾಯಿ ನಿಂತಿದ್ದಳು. ಒಳಗಿನಿಂದ ತುಪ್ಪದ ವಾಸನೆ, ಬಳೆಗಳ ಸದ್ದು. ತೊಟ್ಟಿಲಿಗೆ ಹೂವು ಕಟ್ಟುತ್ತಿದ್ದರು.

"ಬಂದ್ರೇನು," ಎಂದಳು. ದನಿಯಲ್ಲಿ ಗಾಬರಿಯೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಅಂಗಡಿಯಲ್ಲಿ ಹಳೆಯ ಗಿರಾಕಿಗೆ ಕೇಳುವ ಹಾಗೆ ಕೇಳಿದಳು.

"ಬಾಗಲಾ ತಗಿ. ಬಿಸಿನೀರು ಹಾಕು. ಜಳಕಾ ಮಾಡ್ತೀನಿ."

"ಬಚ್ಚಲಾ ಹೊರಗ ಇಲ್ಲಲ್ರಿ. ಮನ್ಯಾಗ ಹನ್ನೆರಡು ದಿನದ ಕೂಸದ. ನೀವು ದೂರದಿಂದ ಬಂದೀರಿ." ಮತ್ತೆ ಕೇಳಿದಳು, "ಪ್ರವಾಸ ಹ್ಯಾಂಗಾತು? ಊಟಕ್ಕೇನು ಸಿಕ್ತು?"

ವೈಜನಾಥ ಪಾಠ ಒಪ್ಪಿಸಿದ. "ಬರೇ ಅನ್ನ, ತೆಂಗಿನಹಾಲಿನ ಸಾರು. ರೊಟ್ಟಿಯ ಹೆಸರಿಲ್ಲ. ಬಾಯಿ ಸತ್ತು ಹೋಗೇದ."

"ಹೌದs? ಅಂಗಿ ಗುಂಡಿ ನೋಡಿದ್ರ ಹೊಟ್ಟಿಗಿ ಚೊಲೋ ಬಿದ್ದಂಗ ಕಾಣ್ತದ."

ಗುಂಡಿಯ ಮೇಲೆ ಕೈ ಹೋಯಿತು. ರವಿಕಾಂತನ ಮನೆಯ ಎದುರಿನ ಖಾನಾವಳಿಯ ಶೇಂಗಾ ಹೋಳಿಗೆಯ ನೆನಪು ಬಂತು. "ಹವಾ ಬದಲಾತಲ್ಲ. ಅದಕ್ಕ ಬಾವು."

ಅವಳ ಹಿಂದಿನಿಂದ ಬೀಗರು ಚನಬಸಪ್ಪ ಬಂದು ನಿಂತರು. ಹಿಂದಿನ ದಿನವೇ ಔರಂಗಾಬಾದಿನಿಂದ ಬಂದಿದ್ದರು. ಮೀಸೆಯ ತುದಿ ಯಾಕೋ ಅಲುಗುತ್ತಿತ್ತು.

"ಶರಣ್ರಿ ಬೀಗ್ರ. ಅಲ್ಲಿ ಬಜಾರ ಭಾಳ ದೊಡ್ಡದಂತರಿ?"

"ಶರಣು ಶರಣು. ನೀರಿನ ಮ್ಯಾಲೆನs ಬಜಾರ ಇರ್ತದ್ರಿ. ದೋಣ್ಯಾಗ ಕೂತು ಮಾರತಾರ."

"ಚೌಕಾಸಿ ನಡೀತದೇನ್ರಿ?"

"ಛೇ ಛೇ. ಅವರು ಹೇಳಿದ್ದs ರೇಟು. ನಾ ಬಾಯಿ ತಗೀಲಿಲ್ಲ."

ಚನಬಸಪ್ಪ ಕೆಮ್ಮು ಬಂದವರಂತೆ ಒಳಗೆ ಹೋದರು.

"ನೋಡ್ರಿ," ಎಂದಳು ಪ್ರೇಮಾಬಾಯಿ, ಸರಳಿಗೆ ಹತ್ತಿರ ಬಂದು. "ಸಂಜಿ ಆರಕ್ಕ ತೊಟ್ಟಲಾ. ಕುಂಚಗಿ ನೀವs ತೊಡಿಸಬೇಕಂತ ಮಂಜು ಹಟ ಹಿಡದಾಳ. ಏನಾರ ಹೇಳೂದಿದ್ರ ಈಗs ಹೇಳ್ರಿ."

"ಹೇಳೂದೇನದ? ಮಲಗಿದ ಬುದ್ಧ ಅದಾನ ಅಲ್ಲಿ. ನಮ್ಮ ಎರಡು ಓಣಿಯಷ್ಟು ಉದ್ದ."

ಪ್ರೇಮಾಬಾಯಿ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. "ಮಲಗಲಿ ಬಿಡ್ರಿ," ಎಂದು ಒಳಗೆ ಹೋಗಿ, ತಟ್ಟೆಯಲ್ಲಿ ಉಪ್ಪಿಟ್ಟು ತಂದು ಕಿಟಕಿಯ ಕಟ್ಟೆಯ ಮೇಲಿಟ್ಟು, ಹಿಂದೆ ಸರಿದಳು.

ಹನ್ನೆರಡು ಗಂಟೆಗೆ ಮಹಾನಗರಪಾಲಿಕೆಯ ಆರೋಗ್ಯ ಸೇವಿಕೆ ಸುಮನ ಬಂದಳು. ಸೊಲ್ಲಾಪುರದ ಹೆಂಗಸು, ಕನ್ನಡ ಬಲ್ಲವಳು, ಬಿಸಿಲಿನಲ್ಲಿ ನಡೆದು ನಡೆದು ಯಾರ ಸುಳ್ಳನ್ನೂ ಕೇಳುವ ತಾಳ್ಮೆ ಉಳಿಯದವಳು. ಕೈಯಲ್ಲಿ ಎರಡು ಕಾಗದ. ಒಂದನ್ನು ಓದಿದಳು. ಇನ್ನೊಂದನ್ನು ನೋಡಿ, ಕಿಟಕಿಯಲ್ಲಿದ್ದ ಪ್ರೇಮಾಬಾಯಿಯ ಹತ್ತಿರ ಹೋಗಿ ಏನೋ ಮಾತಾಡಿ, ಮಡಚಿ ಚೀಲಕ್ಕೆ ಹಾಕಿದಳು. ಆಮೇಲೆ ಇವನ ಕಡೆ ತಿರುಗಿದಳು.

"ಪರದೇಶದಿಂದ ಬಂದವರು ನೀವs ಏನು?"

"ನಿಮಗ ಯಾರು ಹೇಳಿದ್ರು?"

"ಓಣಿ ಮೂಲಿಯೊಳಗ ಎಂಟಡಿ ಫೋಟೋ ಅದ. ಇಲಾಖೆಗೆ ಇಷ್ಟು ಚೊಲೋ ಮಾಹಿತಿ ಯಾರೂ ಕೊಟ್ಟಿರಲಿಲ್ಲ." ಅವಳು ಪಟ್ಟಿ ತೆಗೆದಳು. "ನಿಮ್ಮ ಸಂಪರ್ಕಕ್ಕ ಬಂದವರು, ದತ್ತಾತ್ರೇಯ ಉರ್ಫ್ ದತ್ತುಭಾವೂ, ಮತ್ತ ಹನ್ನೊಂದು ಮಂದಿ."

ಸ್ಕೂಟರಿನಿಂದ ದತ್ತು ಜಾರಿದ. "ತಾಯಿ, ಆ ಫ್ಲೆಕ್ಸಿನ್ಯಾಗ ನಾವಿಲ್ಲ. ಬೇಕಿದ್ರ ನೋಡ್ರಿ, ಬರೇ ತೂತದಾವ."

"ಮುಖಾ ಕತ್ತರಿಸೀರಿ, ಹೆಸರು ಹಂಗs ಬಿಟ್ಟೀರಿ."

"ನಾವು ಹೋಗೂ ಮುಂದ ಕಳಿಸಿದವರು. ಬಂದ ಮ್ಯಾಲ ಮುಟ್ಟಿಲ್ಲ."

"ಶುಭೇಚ್ಛುಕರು ಅಂದ ಮ್ಯಾಲ ಹೋಗೂ ಮುಂದಷ್ಟs ಇರ್ತಾರೇನು?"

ಬಹಳ ವಾದವಾಗಿ, ಯಾರೂ ಹತ್ತಡಿಯೊಳಗೆ ಹೋಗದಿದ್ದರೆ ಹೆಸರು ಬಿಡುತ್ತೇನೆಂದು ಸುಮನ ಒಪ್ಪಿದಳು. ವೈಜನಾಥನ ಬಾಯಲ್ಲಿ ಥರ್ಮಾಮೀಟರ್ ಇಟ್ಟಳು. ಜ್ವರ ಇರಲಿಲ್ಲ.

"ನೋಡಿದ್ರೇನು," ಎಂದ ವೈಜನಾಥ. "ಒಳಗ ಹೋಗಲ್ಯಾ?"

"ಏಳು ದಿನ ಬ್ಯಾರೆ ಇರಬೇಕು. ಸಣ್ಣ ಕೂಸಿನ ಹತ್ತಿರ ಅಂತೂ ಹೋಗsಬಾರದು. ಸಂಜೀಕ ಮತ್ತ ಬರ್ತೀನಿ. ಅಲ್ಲೀತನ ಇಲ್ಲೇ ಕೂಡ್ರಿ." ಅವಳು ಸೈಕಲ್ ಸ್ಟ್ಯಾಂಡಿನ ತಗಡಿನ ಚಪ್ಪರ ತೋರಿಸಿದಳು.

ಅಂದು ಮಧ್ಯಾಹ್ನವೆಲ್ಲ ವೈಜನಾಥ ತಗಡಿನ ಕೆಳಗೆ ಸೂಟ್‌ಕೇಸಿನ ಮೇಲೆ ಕೂತ. ಇಕ್ಕಟ್ಟು ಸರಳವಾಗಿತ್ತು. ಬ್ಯಾಂಕಾಕಿಗೆ ಹೋಗಿದ್ದೆ ಅಂದರೆ ಕೂಸು ಸಿಗುವುದಿಲ್ಲ. ಹೋಗಿರಲಿಲ್ಲ ಅಂದರೆ ಕೂಸು ಸಿಗುತ್ತದೆ, ಆದರೆ ಆ ಕೂಸು ದೊಡ್ಡದಾಗಿ ಮದುವೆಯಾಗುವ ತನಕ ಬೀಗರ ಬಾಯಿಗೆ ತಾನು ಸಿಕ್ಕಿಕೊಂಡಿರಬೇಕು. ಒಳಗೆ ಕೂಸು ಒಮ್ಮೆ ಅತ್ತಿತು. ಗಿಣಿಮರಿಯ ದನಿ. ವೈಜನಾಥ ಎದ್ದು ನಿಂತ, ಮತ್ತೆ ಕೂತ.

ಮೂರು ಗಂಟೆಗೆ ದತ್ತು ಬಂದ. ಹತ್ತಡಿ ದೂರ ನಿಂತು, ಕಾಲಿನಿಂದ ಮಣ್ಣು ಕೆದರಿದ.

"ಬ್ಯಾಸರಾ ಮಾಡ್ಕೋಬ್ಯಾಡ್ರಿ. ಹೆಂಡತಿ ಕೇಳಾಕತ್ತಿದ್ಲು, ಪರದೇಶದಾಗ ಸಿಗೂ ಹಾಡೂ ಲೈಟರ್ ತಂದಾರೇನು ಅಂತ."

"ತಂದೀನಿ. ಹತ್ತಡಿಯಿಂದ ಹ್ಯಾಂಗ ಕೊಡ್ಲಿ?"

ದತ್ತು ಅತ್ತಿತ್ತ ನೋಡಿದ. ಒಂದು ಅಡಿ ಮುಂದೆ ಬಂದ. ಲೈಟರು ಹಾಡಿದ ಕೂಡಲೇ ನಾಲ್ಕು ಅಡಿ ಬಂದ. ಅತ್ತರಿನ ಸೀಸೆ ತೆರೆದಾಗ ಓಢಣಿ ಕೆಳಗಿಳಿಸಿ ಮೂಗು ಒಡ್ಡಿದ. ಚಾಕಲೇಟಿನ ಬಣ್ಣದ ಕಾಗದ ಕಂಡಾಗ ಸೂಟ್‌ಕೇಸಿನೊಳಗೆ ತಲೆ ಹಾಕಿದ್ದ.

"ಪ್ಯೂರ್ ಬ್ಯಾಂಕಾಕ್," ಎಂದ, ಎರಡನೆಯದನ್ನು ಚಪ್ಪರಿಸುತ್ತ. "ಇಲ್ಲಿ ಮಾಲಿಗೆ ಈ ರುಚಿ ಬರsಂಗಿಲ್ಲ."

ಆರು ಗಂಟೆಗೆ ಒಳಗೆ ಆರತಿ ಹಚ್ಚಿದರು. ಕಿಟಕಿಯ ತುಂಬ ಹೆಂಗಸರು. ವೈಜನಾಥ ಸರಳಿನ ಹತ್ತಿರ ಬಂದು ನಿಂತ. ಒಳಗೆ ಹಸಿರು ಸೀರೆಯ ತೊಟ್ಟಿಲು. ಮಂಜುಶ್ರೀಯ ಮಡಿಲಲ್ಲಿ ಕೆಂಪು ಗಂಟು. ಸುಮನ ಹೇಳಿದಂತೆ ವಾಪಸು ಬಂದು ಗೇಟಿನಲ್ಲಿ ನಿಂತಿದ್ದಳು. ದತ್ತು ಏನೂ ತಿನ್ನದವನ ಮುಖ ಮಾಡಿಕೊಂಡು ಅವಳ ಹಿಂದೆ.

"ಅಪ್ಪಾಜಿ ಇಲ್ಲದ ಹ್ಯಾಂಗ?" ಎಂದಳು ಮಂಜುಶ್ರೀ.

"ಏನು ಮಾಡೂದವ್ವ," ಎಂದಳು ಪ್ರೇಮಾಬಾಯಿ, ಕಿಟಕಿಯ ಕಡೆ ನೋಡುತ್ತ, ಪ್ರತಿ ಮಾತನ್ನೂ ಎಣಿಸಿ ಇಡುವವಳಂತೆ. "ಬೀಗ್ರು ತೊಡಸ್ತಾರ."

ಚನಬಸಪ್ಪ ಕುಂಚಿಗೆ ಕೈಗೆತ್ತಿಕೊಂಡರು. ರೇಷ್ಮೆಯದು, ವೈಜನಾಥನ ತಾಯಿ ಗುಂಡವ್ವ ಸಾಯುವ ಮುಂಚೆ ಹೊಲಿದು ಪೆಟ್ಟಿಗೆಯಲ್ಲಿಟ್ಟು ಹೋದದ್ದು. ಅದು ಬೇರೆಯವರ ಕೈಯಲ್ಲಿ ಕಂಡದ್ದೇ ವೈಜನಾಥ ಕಿಟಕಿಯ ಸರಳು ಹಿಡಿದ.

"ನಿಲ್ರಿ," ಎಂದ. "ನಾ ಬ್ಯಾಂಕಾಕಿಗೆ ಹೋಗಿಲ್ಲ."

ಕಿಸೆಯಿಂದ ಪಾಸ್‌ಪೋರ್ಟ್ ತೆಗೆದ.

"ವಿಮಾನ ಹತ್ತಿಲ್ಲ. ಪಾಸ್‌ಪೋರ್ಟ್ ನಡೀಲಿಲ್ಲ, ಮುಂಬಯಿಂದs ಹೊಳ್ಳಿಸಿದ್ರು. ಆರು ದಿನ ಔರಂಗಾಬಾದಿನ್ಯಾಗ ರವಿಯ ರೂಮಿನ್ಯಾಗ ಇದ್ದೆ. ಬುದ್ಧನ್ನೂ ನೋಡಿಲ್ಲ, ದೋಣಿನೂ ನೋಡಿಲ್ಲ. ಅತ್ತರು ಗುಲ್ಮಂಡಿದು. ನೋಡ್ರಿ, ಒಂದು ಶಿಕ್ಕಾ ಸೈತ ಇಲ್ಲ." ಪಾಸ್‌ಪೋರ್ಟಿನ ಬಿಳಿ ಹಾಳೆಗಳನ್ನು ಸರಳಿನ ಮುಂದೆ ಒಂದೊಂದಾಗಿ ತಿರುವಿದ. "ನಗೋರು ನಗ್ರಿ. ನನಗ ಕೂಸು ಕೊಡ್ರಿ."

ಅವನು ಕಾದ. ಯಾರಾದರೂ ಎದೆ ಹಿಡಿದುಕೊಳ್ಳುತ್ತಾರೆ, ಯಾರಾದರೂ ಬಾಯಿಗೆ ಸೆರಗು ಇಡುತ್ತಾರೆ ಎಂದುಕೊಂಡಿದ್ದ. ಪ್ರೇಮಾಬಾಯಿ ಆರತಿಯ ಬತ್ತಿ ಸರಿಮಾಡಿದಳು. ಚನಬಸಪ್ಪ ಕುಂಚಿಗೆಯ ದಾರ ಬಿಡಿಸುತ್ತಿದ್ದರು.

"ಬೀಗ್ರ," ಎಂದರು ಅವರು, "ನಮಗ ಮಂಗಳವಾರದಿಂದ ಗೊತ್ತದರಿ."

"ಯಾರು ಹೇಳಿದ್ರು?"

"ನೀವs. ಗುಲ್ಮಂಡಿಯ ಅತ್ತರಿನ ಅಂಗಡ್ಯಾಗ ನಾ ನಿಮ್ಮ ಮಗ್ಗಲಕ್ಕs ಕೂತಿದ್ದೆ. ಮುಖಕ್ಕ ಹಸಿರು ಅರಿವಿ ಕಟ್ಟಿದ್ರ ಏನಾತ್ರಿ? ಸೀಸೆಗೆ ಹತ್ತು ರೂಪಾಯಿ ಕಮ್ಮಿ ಮಾಡ್ಲಿಕ್ಕ ಮೂರು ಸಲ ಎದ್ದು ಹೋಗಿ ಮೂರು ಸಲ ಹೊಳ್ಳಿ ಬರೋ ಮನಶಾ ನಮ್ಮ ಬೀಗ್ರ ಒಬ್ಬರs. ಮದಿವ್ಯಾಗ ಸೀರಿ ಅಂಗಡ್ಯಾಗ ನೋಡಿದ್ದೆ. ಅವತ್ತs ಬೀಗತಿಯವರಿಗೆ ಫೋನ್ ಮಾಡಿದೆ."

ವೈಜನಾಥ ಹೆಂಡತಿಯ ಕಡೆ ತಿರುಗಿದ. "ಮತ್ತ ಮುಂಜಾನಿಂದ ಊಟ ಹ್ಯಾಂಗ, ಬಜಾರ ಹ್ಯಾಂಗ ಅಂತ ಕೇಳಿದ್ದು?"

"ಹೇಳ್ತೀರೇನು ಅಂತ ನೋಡಿದೆ. ಬುದ್ಧನ್ನ ಮಲಗಿಸಿದ್ರಿ."

ಗೇಟಿನಲ್ಲಿ ಸುಮನ ಮೊದಲ ಕಾಗದ ತೆಗೆದು ಒಂದು ಗೆರೆ ಎಳೆದಳು. "ಪರದೇಶದವರ ಪಟ್ಟಿಯಿಂದ ನಿಮ್ಮ ಹೆಸರು ಕಟ್."

ವೈಜನಾಥನ ಮುಖದಲ್ಲಿ ಕರೆಂಟು ಬಂತು. ಬೂಟು ಬಿಚ್ಚಿದ. ಅರಿಸಿನದ ತೋಳು ಮಡಚಿದ. ಬಾಗಿಲ ಮೆಟ್ಟಿಲ ಮೇಲೆ ಕಾಲಿಟ್ಟು, ಬಸ್ಸಿನಲ್ಲಿ ತಾಲೀಮು ಮಾಡಿದ ಹಾಗೆ ಎರಡೂ ಕೈ ಚಾಚಿದ. ಚಿಲಕ ತೆಗೆಯಲಿಲ್ಲ.

"ಈಗೇನು? ನಾ ಹೋಗಿಲ್ಲಂತ ಎಲ್ಲರಿಗೂ ಗೊತ್ತಾತಲ್ಲ."

"ಹೋಗಿಲ್ಲಂತ ಮೊದಲs ಗೊತ್ತಿತ್ರಿ," ಎಂದಳು ಪ್ರೇಮಾಬಾಯಿ. ಈಗ ಅವಳ ದನಿ ಮೆತ್ತಗಿತ್ತು. "ಬ್ಯಾಂಕಾಕಿನ ಸಲುವಾಗಿ ನಿಮ್ಮನ್ನ ಹೊರಗಿಟ್ಟಿಲ್ಲ. ಮುಂಜಾನೆ ಎಂಟಕ್ಕ ರವಿ ಫೋನ್ ಮಾಡಿದ್ದ. ನಿಮ್ಮ ಫೋನು ಹತ್ತಲಿಲ್ಲಂತ ನನಗ ಮಾಡಿದ. ಮ್ಯಾಲಿನ ಮನಿ ಹುಡುಗ, ಉತ್ಕರ್ಷ ಅಂತ. ಗುರುವಾರ ಸಂಜಿ ಸರ್ದಿ ತೋರಿಸ್ಲಿಕ್ಕ ದವಾಖಾನಿಗೆ ಹೋಗಿದ್ನಂತ, ಪುಣೆಯಿಂದ ಅವನ ರಿಪೋರ್ಟ್ ಬಂತಂತ. ಹಂದಿಜ್ವರ. ಬ್ಯಾಂಕಾಕಿನಿಂದ ತಂದಾನ."

ವೈಜನಾಥನ ಕೈ ಚಾಚಿದ್ದು ಚಾಚಿದಂತೆಯೇ ಉಳಿಯಿತು. ಒಂದೇ ತಟ್ಟೆಯ ಶೇಂಗಾ ನೆನಪಾಯಿತು. ಎಸಿ ಜೋರು ಎಂಬುದೂ ನೆನಪಾಯಿತು.

ಸುಮನ ಚೀಲದಿಂದ ಎರಡನೆಯ ಕಾಗದ ತೆಗೆದಳು. "ಇದು ಔರಂಗಾಬಾದಿನಿಂದ ಬಂದ ಪಟ್ಟಿ. ಬೆಳಿಗ್ಗೇನs ಬಂದಿತ್ತು. ಪ್ರೇಮಾಬಾಯಿ ಅಂದ್ರು, ಸಂಜೀ ತನಕ ತಡೀರಿ, ತಾವಾಗೇ ಹೇಳ್ತಾರ ಅಂತ. ಹೆಂಗೂ ಹೊರಗs ಇದ್ರಿ, ನಾ ತಡದೆ. ವೈಜನಾಥ, ನಾಲ್ಕು ದಿನ ರೋಗಿಯ ಮಗ್ಗಲಕ್ಕ. ಮೊದಲನೇ ದರ್ಜೆಯ ಸಂಪರ್ಕ. ಏಳು ದಿನ." ಅವಳು ಪೆನ್ನು ಝಾಡಿಸಿದಳು. "ಇಲ್ಲಿ ಬಂದ ಮ್ಯಾಲ ಇವರ ಹತ್ತಿರ ಯಾರಾರ ಹೋಗೀರೇನು? ಇವರ ಸಾಮಾನು ಯಾರಾರ ಮುಟ್ಟೀರೇನು?"

ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು. ಅಷ್ಟರಲ್ಲಿ ದತ್ತುವಿನ ಕಿಸೆಯಲ್ಲಿ ಲೈಟರು ಹಾಡತೊಡಗಿತು. ಚೀನೀ ಮಾಲು, ತಾನಾಗಿಯೇ ಶುರುವಾಗುತ್ತಿತ್ತು.

"ವೈಜನಾಥರಾವ್," ಎಂದ ದತ್ತು ಸಣ್ಣ ದನಿಯಲ್ಲಿ, "ಆ ಚಾಕಲೇಟು ಗುಲ್ಮಂಡಿದs ಅಲ್ಲ?"

"ಅದೊಂದs ಖರೇ ಬ್ಯಾಂಕಾಕಿಂದು, ದತ್ತು. ಆ ಹುಡುಗನ ಬ್ಯಾಗಿನ್ಯಾಗಿಂದು."

ಗಚ್ಚಿಯ ಮೇಲೆ ನೀರಿನ ಟಾಕಿಯ ಪಕ್ಕದ ಕೋಣೆಯನ್ನು ಖಾಲಿ ಮಾಡಿ ಎರಡು ಚಾಪೆ ಹಾಕಿದರು. ವೈಜನಾಥ, ದತ್ತು ಮೆಟ್ಟಿಲು ಹತ್ತುವಾಗ ಕೆಳಗೆ ಚನಬಸಪ್ಪ ಕುಂಚಿಗೆ ತೊಡಿಸಿ ಕೂಸನ್ನು ಎತ್ತಿಕೊಂಡರು. ಹೆಂಗಸರು ಜೋಗುಳ ಹಾಡಿದರು. ಹೆಸರು ಏನಿಟ್ಟರೆಂದು ಪ್ರೇಮಾಬಾಯಿ ಅಂಗಳದಿಂದ ಮೇಲಕ್ಕೆ ಕೂಗಿ ಹೇಳಿದಳು: "ವಿಭಾ." ವೈಜನಾಥ ಗಚ್ಚಿಯ ಕಟ್ಟೆಯ ಮೇಲೆ ಬಗ್ಗಿ ಅದನ್ನು ಒಂದೆರಡು ಸಲ ಹೇಳಿ ನೋಡಿದ.

ಏಳು ದಿನ ಅವರಿಬ್ಬರಿಗೂ ಒಂದು ಸೀನು ಸಹ ಬರಲಿಲ್ಲ. ದಿನಕ್ಕೆರಡು ಸಲ ಸುಮನ ಥರ್ಮಾಮೀಟರ್ ಇಟ್ಟು ಹೋದಳು. ಪ್ರೇಮಾಬಾಯಿ ರೊಟ್ಟಿಯನ್ನು ಹಗ್ಗ ಕಟ್ಟಿದ ಬುಟ್ಟಿಯಲ್ಲಿಟ್ಟಳು, ಇವರು ಮೇಲಿನಿಂದ ಎಳೆದುಕೊಂಡರು. ಹೊತ್ತು ಹೋಗದಾಗ ದತ್ತು, "ಇರಲಿ, ಆ ನೀರಿನ ಮ್ಯಾಲಿನ ಬಜಾರದ್ದ ಇನ್ನೊಮ್ಮೆ ಹೇಳ್ರಿ," ಎನ್ನುತ್ತಿದ್ದ. ಉತ್ಕರ್ಷ ಐದು ದಿನಕ್ಕೆ ಗುಣವಾಗಿ ಮನೆಗೆ ಬಂದನೆಂದು ರವಿಕಾಂತ ತಿಳಿಸಿದ.

ವೈಜನಾಥನಿಗೆ ಒಟ್ಟು ಖರ್ಚಾದದ್ದು ಹತ್ತು ಸಾವಿರದ ನಾಲ್ಕುನೂರು. ನೋಡಿದ ಊರು ಔರಂಗಾಬಾದ್, ಅದೂ ಮಾಸ್ಕಿನ ಮೇಲಿನಿಂದ. ಮೊಮ್ಮಗಳನ್ನು ಎತ್ತಿಕೊಂಡದ್ದು ಹತ್ತೊಂಬತ್ತನೆಯ ದಿನ. ಅಷ್ಟರಲ್ಲಿ ಅವಳಿಗೆ ಬೀಗರ ಮೈವಾಸನೆ ರೂಢಿಯಾಗಿತ್ತು. ಇವನ ಕೈಗೆ ಬಂದ ಕೂಡಲೇ ಅತ್ತಳು. ಬೀಗರು ಎತ್ತಿಕೊಂಡ ಮೇಲೆ ಸುಮ್ಮನಾದಳು.